ಬೇಸ್‌ಬಾಲ್ ಕಾರ್ಡಿನಲ್ಲಿ ಸಿಕ್ಕಿದ ತನಿಯಪ್ಪಣ್ಣ

ದುಬೈಯ ಸತ್ವಾದ ಕೊರಗಪ್ಪ ಟೈಲರ್ ಎಂದರೆ ಕೊರಳಿಗೆ ಜೋತುಬಿದ್ದ ಅಳತೆ ಟೇಪನ್ನು ತೆಗೆಯದೆಯೇ ಊಟಕ್ಕೆ ಕೂರುವ ಮನುಷ್ಯ. ವಿಲ್ಲಾದ ಜೊತೆವಾಸಿಗಳು ತಂತಮ್ಮ ಮಂಚದ ಮೇಲೆ ಮನೆಯವರ ಫೋಟೊ ಅಂಟಿಸಿಕೊಂಡಿದ್ದರೆ ಇವನ ಗೋಡೆ ಮಾತ್ರ ಬೋಳು.

ತಂದೆಯಿಲ್ಲದ ಇವನನ್ನು ಹೆಗಲ ಮೇಲೆ ಹೊತ್ತು ಸಾಕಿದ್ದು ಅಣ್ಣ ತನಿಯಪ್ಪ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು ಕಾಮಾಲೆ ಹಿಡಿದು ಮದುವೆಗೆ ಮೊದಲೇ ಹೋಗಿಬಿಟ್ಟ. ಸ್ಟುಡಿಯೊದ ಮೆಟ್ಟಿಲು ಹತ್ತಿದವನಲ್ಲ, ಒಂದು ಫೋಟೊ ಇಲ್ಲ. ಕೊರಗಪ್ಪನಿಗೆ ಐವತ್ತು ದಾಟುವಾಗ ಆ ಮುಖ ನೆನಪಿನಲ್ಲಿ ಮಾಸತೊಡಗಿತ್ತು. ಮೊದಲು ಮೂಗು ಹೋಯಿತು, ಆಮೇಲೆ ಹುಬ್ಬು. ಬರೀ ಒಂದು ನಗು ಉಳಿದಿತ್ತು, ಅದೂ ಎಲ್ಲೋ ದೂರದಲ್ಲಿ.

ಹೀಗಿರುವಾಗ, ೨೦೧೩ರಲ್ಲಿ, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಳಗಲ್ಲಿಯಲ್ಲಿ ಹಳೆಯ ನಾಣ್ಯ, ಸ್ಟಾಂಪು ಮಾರುವ ಗೆಳೆಯ ಅಲಿಯಬ್ಬನ ಅಂಗಡಿಗೆ ಹೋದ. ಅಲಿಯಬ್ಬ ಊರು ಬಿಟ್ಟುಹೋದ ಅಮೆರಿಕದವನೊಬ್ಬನ ಆಲ್ಬಮ್ ತಿರುವುತ್ತಿದ್ದ. ಪುಟಪುಟಕ್ಕೂ ಬೇಸ್‌ಬಾಲ್ ಆಟಗಾರರ ಫೋಟೊ ಅಚ್ಚಾದ ಹಳೇ ಕಾರ್ಡುಗಳು.

"ನಿಲ್ಸು ಮಾರಾಯ! ಅದು ನಮ್ಮಣ್ಣ!"

ಮಾಸಲು ಕಂದು ಬಣ್ಣದ ಕಾರ್ಡು. ಓರೆ ಟೋಪಿ, ಬಾಯ್ತುಂಬ ನಗು.

ಅಲಿಯಬ್ಬ ಹೊಟ್ಟೆ ಹಿಡಿದು ನಕ್ಕ. "ನಿಮ್ಮಣ್ಣ ಯಾವಾಗ ಅಮೆರಿಕಕ್ಕೆ ಹೋಗಿ ಬೇಸ್‌ಬಾಲ್ ಆಡಿದ್ದು? ಇವ ಒಂದು ವರ್ಷ ಆಡಿ ಮನೆಗೆ ಹೋದವ. ಇವನ ಹೆಸರು ಇವನ ಊರಿನವರಿಗೇ ಗೊತ್ತುಂಟೋ ಇಲ್ವೋ."

"ನನಗೆ ಕೊಡು."

"ಸೆಟ್ ಒಡೆದ್ರೆ ಆಲ್ಬಮ್ ಯಾರು ತಗೊಳ್ತಾರೆ? ಮಾಫಿ, ಮಾಫಿ, ಆಗುದಿಲ್ಲ."

ಅಂದಿನಿಂದ ಶುಕ್ರವಾರ ಬಂತೆಂದರೆ ಕೊರಗಪ್ಪ ಬಸ್ಸು ಹತ್ತಿ ಅಬುಧಾಬಿಗೆ. ಕೊಳ್ಳುವುದಿಲ್ಲ, ಜಗಳವಿಲ್ಲ. ಆಲ್ಬಮ್ ಬಿಡಿಸಿ ಕೂರುತ್ತಾನೆ, ಚಹಾ ತಣ್ಣಗಾಗುತ್ತದೆ, ಎದ್ದು ಹೋಗುತ್ತಾನೆ. ಚಳಿಗಾಲ ಮುಗಿಯುವ ಹೊತ್ತಿಗೆ ಅಲಿಯಬ್ಬನೇ ಸೋತ. ಕಾರ್ಡನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ ಇವನ ಜೇಬಿಗೆ ತುರುಕಿ, "ಖಲಾಸ್! ನಿನ್ನಣ್ಣನನ್ನು ಕರ್ಕೊಂಡು ಹೋಗು, ನನ್ನ ಗಿರಾಕಿಗಳಾದ್ರೂ ಒಳಗೆ ಬರ್ಲಿ" ಅಂದ.

ಬೋಳುಗೋಡೆಗೆ ಫ್ರೇಮು ಬಂತು, ಫ್ರೇಮಿಗೆ ಗಂಧದ ಹಾರ ಬಂತು. ಬೆಳಿಗ್ಗೆ ಎದ್ದರೆ ಅಣ್ಣನ ಮುಖ, ದೀಪ ಆರಿಸುವಾಗ ಅಣ್ಣನ ಮುಖ. ಊರಲ್ಲಿ ಆಟಿ, ಅಂದರೆ ಆಷಾಢದ ತಿಂಗಳಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತಾರಲ್ಲ, ಆ ವರ್ಷ ಅವನೂ ಕಾರ್ಡಿನ ಮುಂದೆ ಬಡಿಸಿ, ಅಣ್ಣನನ್ನು ಹೆಸರು ಹಿಡಿದು ಕರೆದು, ಬಾಗಿಲೆಳೆದು ಹೊರಗೆ ನಿಂತ. ಒಳಗೆ ಅಣ್ಣ ಉಣ್ಣುತ್ತಿದ್ದಾನೆಂದು ಅವನಿಗೆ ಸಂಶಯವೇ ಇರಲಿಲ್ಲ.

ಮರುವರ್ಷದ ಆಟಿಗೆ ಅಕ್ಕ ಲೋಲಾಕ್ಷಿ ದುಬೈಗೆ ಬಂದಿದ್ದಳು, ಅಲ್ ಬರ್ಷಾದಲ್ಲಿದ್ದ ಮಗಳ ಬಾಣಂತನಕ್ಕೆ. ತನಿಯಪ್ಪನನ್ನು ಕಣ್ಣಾರೆ ಕಂಡವರಲ್ಲಿ ಇವನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ. ತಾನೇ ಬಂಗುಡೆ ಸಾರು ಮಾಡಿ ತಂದು ಎಲೆಗೆ ಬಡಿಸಿ, ತಲೆಯೆತ್ತಿದಳು.

"ಇದ್ಯಾರಾ?"

"ಅಣ್ಣ. ಅಣ್ಣನ ಹಾಗೆಯೇ ಇಲ್ವಾ ಅಕ್ಕ?"

ಲೋಲಾಕ್ಷಿ ನಗಬೇಕೆಂದುಕೊಂಡವಳು ತಮ್ಮನ ಮುಖ ನೋಡಿ ನಗಲಿಲ್ಲ. "ಇಲ್ಲ ಮಗಾ" ಅಂದಳು ಮೆಲ್ಲಗೆ. "ಒಂಚೂರೂ ಇಲ್ಲ."

"ನಗು?"

"ಅಣ್ಣ ಹೀಗೆ ಬಾಯಿ ಬಿಟ್ಟು ನಗ್ತಾನೇ ಇರ್ಲಿಲ್ಲ. ಮುಂದಿನ ಹಲ್ಲು ಮುರಿದಿತ್ತು, ಕೈ ಅಡ್ಡ ಹಿಡೀತಿದ್ದ. ಉದ್ದ ಮುಖ. ಎಡಗೆನ್ನೆಯಲ್ಲಿ ಸಿಡುಬಿನ ಕಲೆ. ನೀನು ಅದರೊಳಗೆ ಬೆರಳಿಟ್ಟು ಆಡ್ತಿದ್ದೆಯಲ್ಲ, ಎಲ್ಲ ಮರ್ತಿಯಾ?"

ಕೊರಗಪ್ಪ ಕಣ್ಣು ಮುಚ್ಚಿದ. ಹಲ್ಲು ಮುರಿದು ನೋಡಿದ, ಕೈ ಅಡ್ಡ ಇಟ್ಟು ನೋಡಿದ, ಕೆನ್ನೆಗೆ ಕಲೆ ಹಚ್ಚಿ ನೋಡಿದ. ಯಾವುದೂ ನಿಲ್ಲಲಿಲ್ಲ. ದೂರದಲ್ಲಾದರೂ ಇದ್ದ ಆ ಒಂದು ನಗುವಿನ ಜಾಗದಲ್ಲೂ ಟೋಪಿಯವನೇ ಬಂದು ಕೂತಿದ್ದ.

ಗೋಡೆಯಿಂದ ಫ್ರೇಮು ಇಳಿಸಿ ಮಂಚದಡಿಗೆ ತಳ್ಳಿದ. ಅನ್ನ ಆರುತ್ತಿತ್ತು.

"ಅಣ್ಣನನ್ನು ಕರಿ ಮಗಾ" ಅಂದಳು ಅಕ್ಕ. "ಹೆಸರು ಹಿಡಿದು ಕರೆದು ಬಾಗಿಲು ಹಾಕು."

ಎಲೆಯ ಮುಂದೆ ನಿಂತು "ತನಿಯಪ್ಪಣ್ಣಾ" ಅನ್ನಲು ಬಾಯಿ ತೆರೆದ. ಮನಸ್ಸಿನೊಳಗೆ ಟೋಪಿಯವನು ತಿರುಗಿ ನೋಡಿದ. ಕೊರಗಪ್ಪ ಬಾಯಿ ಮುಚ್ಚಿಕೊಂಡು, ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಸರಿದ.

"ನೀನೇ ಕರಿ ಅಕ್ಕ" ಎಂದ. "ನಾನು ಕರೆದ್ರೆ ಬೇರೆಯವ ಬರ್ತಾನೆ."