ಪ್ರೆಸ್ ಚರ್ಚಿನ ಇತಿಹಾಸ

ನಾನು ಹುಟ್ಟಿನಿಂದ ಪ್ರೆಸ್ಬಿಟೇರಿಯನ್. ಆದರೆ ಆ ಪದವನ್ನು ನಾಲಿಗೆ ತೊಡರದೆ ಹೇಳಲು ಇಂದಿಗೂ ಬಾರದು. ಗ್ರೀಕ್ ಮೂಲದಲ್ಲಿ ಅದಕ್ಕೆ ಹಿರಿಯ ಎಂದರ್ಥವಂತೆ. ಹಿರಿಯರ ಮಾತಿನಂತೆ ನಡೆಯುವ ಸಭೆ ನಮ್ಮದು. ನಮ್ಮಲ್ಲಿ ತಲೆ ನರೆತವರೆಲ್ಲ ಹಿರಿಯರೇ ಆದ್ದರಿಂದ ಮಾತಿಗೆ ಬರವಿಲ್ಲ, ನಡೆಯುವುದೊಂದು ಬಾಕಿ.

ಚಾಮರಾಜಪೇಟೆಯ ಜನ ಇಷ್ಟುದ್ದದ ಹೆಸರು ಹೊತ್ತು ತಿರುಗುವಷ್ಟು ಬಿಡುವಿನವರಲ್ಲ. ಮೊದಲ ತುಂಡನ್ನು ತಾವಿಟ್ಟುಕೊಂಡು ಉಳಿದದ್ದನ್ನು ನಮಗೇ ಬಿಟ್ಟುಕೊಟ್ಟರು. ಹಾಗಾಗಿ ನಮ್ಮದು ಪ್ರೆಸ್ ಚರ್ಚು. ಗಲ್ಲಿಗೊಂದು ಅಚ್ಚುಕೂಟವಿದ್ದ ಎಪ್ಪತ್ತರ ದಶಕದಲ್ಲಿ ಇದಕ್ಕೆ ಅರ್ಥ ಹಚ್ಚುವುದೂ ಕಷ್ಟವಾಗಲಿಲ್ಲ. ಹಿಂದೆ ಇಲ್ಲಿ ಪ್ರೆಸ್ಸಿತ್ತು, ಆಮೇಲೆ ಚರ್ಚಾಯಿತು ಎಂದು ಕಾಫಿಪುಡಿ ಅಂಗಡಿಯವನು ವಿವರಿಸುತ್ತಿದ್ದ. ಮದುವೆಯ ಕಾಲದಲ್ಲಿ ಆರಾಧನೆಯ ನಡುವೆಯೇ ಯಾರಾದರೂ ಲಗ್ನಪತ್ರಿಕೆಯ ಕರಡು ಹಿಡಿದು ಇಣುಕುತ್ತಿದ್ದರು. ಹೊಸ ಆತ್ಮವೊಂದು ಬಂತೆಂದು ಪಾದ್ರಿಗಳು ಹಿಗ್ಗುವಷ್ಟರಲ್ಲಿ ಅದು ಕಾರ್ಡಿನ ರೇಟು ಕೇಳುತ್ತಿತ್ತು.

ಇದನ್ನು ಸಹಿಸದವರು ದಾನಿಯೇಲ ಮಾಸ್ತರು, ನಮ್ಮ ಹಿರಿಯರಲ್ಲೇ ಹಿರಿಯರು. ಆ ಕಟ್ಟಡಕ್ಕೆ ಕಲ್ಲು ಕೆತ್ತಿದ್ದು ಅವರ ತಂದೆ. "ನಮ್ಮಪ್ಪ ದೇವ್ರಿಗೆ ಅಂತ ಕೆತ್ತಿದ್ದು ಕಣಯ್ಯ, ಇಂಕಿಗಲ್ಲ" ಎಂದು ಅವರು ಹೇಳುವಾಗ ನನಗೂ ಸಂಕಟವಾಗುತ್ತಿತ್ತು. ಸಾಯುವುದರೊಳಗೆ ಹೆಸರು ಸರಿಪಡಿಸುವೆನೆಂದು ಹಟ ಹಿಡಿದು ಹೊಸ ಬೋರ್ಡು ಬರೆಸಿದರು. ಜಾಗ ಸಾಲದೆ ಪೇಂಟರು 'ಪ್ರೆಸ್' ಎಂದು ಮೇಲೆ ದಪ್ಪಗೆ, 'ಬಿಟೇರಿಯನ್' ಎಂದು ಕೆಳಗೆ ಸಣ್ಣಗೆ ಬರೆದ. ಅಲ್ಲಿಯವರೆಗೆ ಅನುಮಾನವಿದ್ದವರಿಗೂ ನಂಬಿಕೆ ಬಂತು.

ಒಂದು ಸಂಜೆ ಚಿಕ್ಕಪೇಟೆಯ ಸೀರೆ ವ್ಯಾಪಾರಿಯೊಬ್ಬರು ಹಣೆತುಂಬ ವಿಭೂತಿ ಧರಿಸಿ, ಮಗಳ ಲಗ್ನಪತ್ರಿಕೆಯ ಕರಡು ಹಿಡಿದು ಬಂದರು. ಮಾಸ್ತರು ಅವರನ್ನು ಬೆಂಚಿನ ಮೇಲೆ ಕೂರಿಸಿ, ಇತಿಹಾಸವನ್ನು ಬುಡದಿಂದ ಹೇಳಿದರು. ಸ್ಕಾಟ್ಲೆಂಡಿನ ಪಾದ್ರಿ ಬಂದದ್ದು, ಗಾಡಿಗಳಲ್ಲಿ ಕಲ್ಲು ಬಂದದ್ದು, ಸುತ್ತಿಗೆಯ ಪೆಟ್ಟಿಗೆ ಅಪ್ಪನ ಹೆಬ್ಬೆರಳು ಹೋದದ್ದು, ಯಾವುದನ್ನೂ ಬಿಡಲಿಲ್ಲ. ವ್ಯಾಪಾರಿ ನಡುವೆ ಬಾಯಿ ಹಾಕದೆ ಕೇಳಿದರು. ಹೆಬ್ಬೆರಳಿನ ವಿಷಯಕ್ಕೆ ಕಣ್ಣೂ ಒರೆಸಿಕೊಂಡರು. ಆಮೇಲೆ ಎದ್ದು ಕೈಮುಗಿದು, "ಎಲ್ಲಾ ಅರ್ಥ ಆಯ್ತು ಸ್ವಾಮಿ. ಹಂಗಾದ್ರೆ ಪ್ರೆಸ್ಸು ಮುಚ್ಚಿದ್ದು ಯಾವಾಗ?" ಎಂದರು.

ಮಾಸ್ತರು ಅವರನ್ನು ಬಾಗಿಲವರೆಗೆ ಬಿಡಲು ಬಂದರು. ಕೊನೆಗೆ, "ನಮ್ಮಪ್ಪ ತೀರ್ಕೊಂಡ್ಮೇಲೆ" ಎಂದರು.

ಮಾಸ್ತರ ತಂದೆ ಬೆರಳು ಹೋದರೂ ಬಿಡದೆ ಪ್ರೆಸ್ಸು ನಡೆಸಿದ ಪುಣ್ಯಾತ್ಮರು, ಅದೂ ಕಲ್ಲಚ್ಚಿನದು ಎಂದು ಚಿಕ್ಕಪೇಟೆಯಲ್ಲೆಲ್ಲ ಈಗ ಮಾತು. ಈಗ ಮಾಸ್ತರೂ ಇಲ್ಲ; ನಮ್ಮ ಸಭೆಯಲ್ಲಿ ಆ ಕಲ್ಲುಕುಟಿಗರ ಹೆಸರು ಕೇಳಿ ನೋಡಿ, ಹಿರಿಯರೊಬ್ಬರಿಗೂ ಗೊತ್ತಿಲ್ಲ.