ಉಗುಳುವ ಬಟ್ಟಲನ್ನು ಯಾರು ತೊಳೆಯಬೇಕು?

ಎರಡು ವರ್ಷದ ಹಿಂದಿನ ಮಾತು. ನಾನಾಗ ರಾಯಚೂರಿನ ಹೊರಗಿನ ಒಂದು ವೈನ್ ಟೇಸ್ಟಿಂಗ್ ರೂಮಿನ ಮ್ಯಾನೇಜರ್. ರೈಲು ನಿಲ್ಲುವುದು ಬಿಟ್ಟ ಸಣ್ಣ ಸ್ಟೇಷನ್ನನ್ನು ಮಾಲೀಕರು ಗುತ್ತಿಗೆಗೆ ಹಿಡಿದು ರಿಪೇರಿ ಮಾಡಿಸಿದ್ದರು. ಟಿಕೆಟ್ ಕೊಡುತ್ತಿದ್ದ ಕಿಟಕಿಯಲ್ಲಿ ನಾವು ಗ್ಲಾಸು ಕೊಡುತ್ತಿದ್ದೆವು. ಬಾರ್ ಅನ್ನಬೇಡಿ, ಸಿಟ್ಟು ಬರುತ್ತದೆ. ಟೇಸ್ಟಿಂಗ್ ಅಂದರೆ ನಾಲ್ಕಾರು ಬಗೆಯ ವೈನನ್ನು ಒಂದೊಂದು ಗುಟುಕು ಬಾಯಲ್ಲಿ ಆಡಿಸಿ, ರುಚಿ ನೋಡಿ, ಉಗುಳುವುದು. ಅದಕ್ಕೆಂದೇ ಪ್ರತಿ ಮೇಜಿನ ಮೇಲೆ ಸ್ಟೀಲ್ ಬಟ್ಟಲು.

ರುಚಿ ವಿವರಿಸುತ್ತಿದ್ದವಳು ಗಬ್ಬೂರಿನ ಸೊಸೆ ರೇಣುಕಾ, ಬಿ.ಕಾಂ. ಓದಿದವಳು. "ನೇರಳೆ ಹಣ್ಣು ತಿಂದಮ್ಯಾಲ ನಾಲಿಗಿ ಒಗರಾಗ್ತದಲ್ರೀ, ಹಂಗ" ಅಂದರೆ ಮುಗಿಯಿತು. ಹೈದರಾಬಾದಿನವರು ಅವಳ ಮಾತು ಕೇಳಲೆಂದೇ ಮತ್ತೆ ಬರುತ್ತಿದ್ದರು.

ಒಂದು ಶನಿವಾರ ಅವಳ ಅತ್ತೆ ಮಲ್ಲಮ್ಮ ಹೇಳದೆ ಕೇಳದೆ ಬಂದಿಳಿದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಸುಮ್ಮನೆ ನೋಡಿದರು. ಗುಂಪೊಂದು ಎದ್ದುಹೋಯಿತು. ರೇಣುಕಾ ಬಟ್ಟಲುಗಳನ್ನು ತೊಳೆಯಲು ಎತ್ತಿಕೊಂಡಳು. ಮಲ್ಲಮ್ಮ ಎದ್ದು ನಿಂತರು.

"ಏ ರೇಣಿ, ಇಳಸು ಅದನ್ನ. ನಡಿ ಊರಿಗಿ."

"ಅತ್ತಿ, ಈ ಕೆಲಸ ನನಗ ಜೀವ ಅದ. ನಾ ಬಿಡಂಗಿಲ್ಲ." ರೇಣುಕಾ ಬಟ್ಟಲು ಇಳಿಸಲಿಲ್ಲ.

ಇದು ಕುಡಿತದ ಜಗಳ ಎಂದುಕೊಂಡು ನಾನು ಭಾಷಣ ಶುರು ಮಾಡಿದೆ. "ಇಲ್ಲಿ ಯಾರೂ ಕುಡಿಯಂಗಿಲ್ರೀ ಯವ್ವಾ..."

"ಕುಡೀಲಿ ಬಿಡ್ರಿ! ನಮ್ಮಪ್ಪ ಸಿಂದಿ ಕುಡದು ಹಾಡ್ತಿದ್ದ. ನಾ ಕೇಳೋದು ಎಂಜಲದ ಮಾತು. ಸಾವ್ಕಾರ್ರ ಮನ್ಯಾಗ ಮಂದಿ ಉಂಡ ಎಲಿ ಎತ್ತಿ ಎತ್ತಿ ನನ್ನ ಸೊಂಟ ಬಗ್ಗೇದ. ಸೊಸಿ ಎತ್ತಬಾರದಂತ ಮದುವಿ ಆದಮ್ಯಾಲೂ ಕಾಲೇಜಿಗಿ ಕಳಿಸಿದೆ. ಈಗ ನೋಡಿದ್ರ ಮಂದಿ ಉಗುಳು ಎತ್ತಾಕತ್ತಾಳ. ನಿಮ್ಮ ಮನಿ ಹೆಣ್ಮಗಳ ಕೈಯಾಗ ಕೊಡ್ತೀರೇನು ಇದನ್ನ, ಸಾಹೇಬ್ರ?"

ಉಗುಳುವುದು ಹೇಗೆಂದು ನನಗೆ ತರಬೇತಿ ಕೊಟ್ಟಿದ್ದರು. ಆ ಉಗುಳನ್ನು ಯಾರು ಎತ್ತುತ್ತಾರೆ ಎಂಬುದು ಅದರಲ್ಲಿರಲಿಲ್ಲ. ರೇಣುಕಾಳ ಕೈಯಿಂದ ಬಟ್ಟಲು ಇಸಿದುಕೊಂಡು ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ನಾನೇ ತೊಳೆದೆ.

"ಇವತ್ತ ನೀವು ತೊಳದ್ರಿ. ನಾಳಿಗಿ?" ಮಲ್ಲಮ್ಮ ಬಿಡಲಿಲ್ಲ.

ಮುಂದಿನ ಗುಂಪಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಕೊಟ್ಟೆ. ಹೋಗುವಾಗ ಅವರವರದು ಅವರೇ ತೊಳೆದಿಡಬೇಕು ಎಂದೆ. ಒಬ್ಬರು ಕೆರಳಿ ಮಾಲೀಕರಿಗೇ ಫೋನ್ ಹಚ್ಚಿ, ಮಾತಾಡಿ, ನನ್ನ ಕೈಗೆ ಕೊಟ್ಟರು.

"ಏನ್ರೀ, ಗಿರಾಕಿ ಕೈಲಿ ಪಾತ್ರೆ ತೊಳಸ್ತೀರಾ?"

"ಇಲ್ಲಾಂದ್ರ ರೇಣುಕಾನ್ನ ಅವರತ್ತಿ ಈಗ ಬಸ್ ಹತ್ತಸ್ತಾರ್ರಿ. ಆಮ್ಯಾಲ ಇವರಿಗೆ ರುಚಿ ಹೇಳೋರು ಯಾರು? ನೀವು ಬರ್ತೀರೇನು?"

ಮಾಲೀಕರು "ತೊಳೀಲಿ ಬಿಡಿ" ಅಂದರು.

ಮುಂದೆ ನಿಂತು ನಗುವವರನ್ನು ಆರಿಸುವುದಷ್ಟೇ ಮ್ಯಾನೇಜರ್ ಕೆಲಸವಲ್ಲ, ಹಿಂದೆ ತೊಳೆಯುವವರು ಯಾರೆಂದು ಕೇಳುವುದೂ ಹೌದು. ನೌಕರಿ ನನಗೆ ಕಲಿಸಿದ್ದು ಇದನ್ನೇ.

ಫೋನ್ ಹಚ್ಚಿದ್ದ ಆ ಮನುಷ್ಯ ಗೊಣಗುತ್ತಾ ನಲ್ಲಿಗೆ ಬಾಗಿದರು. ಮಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತರು.

"ಅಂಚಿಗಿ ಇನ್ನೊಂದೀಟು ತಿಕ್ಕ್ರಿ ಯಪ್ಪಾ, ಕೆಂಪಗ ಹಂಗೇ ಅದ."

ಅವರು ತಿಕ್ಕಿದರು. ಗಬ್ಬೂರಿನ ಬಸ್ಸಿಗೆ ಮಲ್ಲಮ್ಮ ಒಬ್ಬರೇ ಹತ್ತಿದರು.