ಖಾಜಾಸಾಬನ ‘ನೋಡೋಣು’

ನಮ್ಮ ಸಿಂದಗಿ ಕಡೆ ‘ಇಲ್ಲ’ ಅನ್ನಲು ಬಾಯಿ ಬರದಿದ್ದರೆ ‘ನೋಡೋಣು’ ಅನ್ನುತ್ತೇವೆ. ಬೀಗರು ಊಟಕ್ಕೆ ಕರೆದರೂ ನೋಡೋಣು, ಹೆಣ್ಣು ಕೊಡಿ ಎಂದರೂ ನೋಡೋಣು. ಕೇಳಿದವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಇಷ್ಟು ಸರಳ ಮಾತು ತಿಳಿಯದವಳು ನಾನು ಕಂಡಂತೆ ಒಬ್ಬಳೇ, ಖಾಜಾಸಾಬನ ಹೆಂಡತಿ ಶಮ್ಶುನ್ನೀಸಾ. ‘ನೋಡೋಣು’ ಎಂದರೆ ಇಬ್ಬರೂ ಕೂಡಿ ನೋಡುವುದು ಎಂದೇ ಆಕೆ ತಿಳಿದಿದ್ದಳು.

ಖಾಜಾಸಾಬ ನಮ್ಮ ಓಣಿಯವನು. ಸಿಂದಗಿ–ಇಂಡಿ ನಡುವೆ ಟೆಂಪೋ ಓಡಿಸುತ್ತಿದ್ದವನು ಓಮಾನಿಗೆ ಹೋಗಿ ಹದಿನಾರು ವರ್ಷ ಪ್ರವಾಸಿಗರ ಕಾರು ಓಡಿಸಿದ. ಮಸ್ಕತ್ತಿನಿಂದ ಸಲಾಲಾಕ್ಕೆ ಸಾವಿರ ಕಿಲೋಮೀಟರು. ರಜೆಗೆ ಬಂದಾಗಲೆಲ್ಲ ಅವನ ಬಾಯಿಂದ ಕೇಳಿ ಕೇಳಿ ಆ ರಸ್ತೆ ನನಗೂ ಬಾಯಿಪಾಠವಾಗಿದೆ. ಮೊದಲು ಬರೀ ಮರಳು, ಸ್ಟಿಯರಿಂಗ್ ತಿರುಗಿಸುವ ಕೆಲಸವೇ ಇಲ್ಲ. ಹೈಮಾ ಎಂಬ ಊರಿನ ಹತ್ತಿರ ಉದ್ದ ಕೋಡಿನ ಬಿಳಿ ಚಿಗರಿ, ಜಿಂಕೆ ಜಾತಿಯದು. ಅಲ್ಲಿಯವರು ಅದಕ್ಕೆ ಬೇರೆ ಹೆಸರು ಹೇಳುತ್ತಾರಂತೆ, ಆದರೆ ಖಾಜಾಸಾಬನಿಗೆ ಕೋಡಿದ್ದು ಜಿಗಿಯುವುದೆಲ್ಲ ಚಿಗರಿಯೇ. ಕೊನೆಗೆ ಘಟ್ಟ. ಮಳೆಗಾಲದಲ್ಲಿ ಅದು ಹಸಿರಾಗಿ, ಮಂಜು ರಸ್ತೆಗೇ ಇಳಿಯುತ್ತದೆ. ಆ ಮಂಜಿನೊಳಗಿಂದ ಒಂಟೆಗಳು ಸಾಲಾಗಿ ಬಂದು ಕಾರಿನ ಮುಂದೆ ನಿಲ್ಲುತ್ತವೆ. ಹಾರನ್ ಹೊಡೆದರೆ ಕತ್ತು ತಿರುಗಿಸಿ ನೋಡುತ್ತವೆ, ಸರಿಯುವುದಿಲ್ಲ.

“ನಮ್ಮ ಬಸ್ ಸ್ಟ್ಯಾಂಡಿನ ಎಮ್ಮಿ ಹಂಗ್ರಿ ಮಾಸ್ತರ್ರ,” ಅನ್ನುತ್ತಿದ್ದ.

ಶಮ್ಶುನ್ನೀಸಾ ಚಹಾ ಇಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಹಲಸಂಗಿಯ ಮಗಳು, ವಿಜಯಪುರ ದಾಟಿದವಳಲ್ಲ. ಒಂದು ದಿನ ನನ್ನೆದುರೇ ಕೇಳಿದಳು.

“ಆ ರಸ್ತಾ ನನಗೂ ಒಮ್ಮಿ ತೋರಸ್ತೀರೇನ್ರಿ?”

“ನೋಡೋಣು,” ಅಂದ ಖಾಜಾಸಾಬ.

ಮರುವಾರವೇ ಆಕೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟಳು. ಬಂದ ಪಾಸ್‌ಪೋರ್ಟನ್ನು ಮದುವೆ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಬೀಗ ಹಾಕಿದಳು.

ಅವಕಾಶ ಬರಲಿಲ್ಲವೆಂದಲ್ಲ. ಒಂದು ಮಳೆಗಾಲ ಕಾರಿನ ಮಾಲೀಕನೇ ಹೇಳಿದನಂತೆ: ಹೆಂಡತಿಯನ್ನು ಕರೆಸಿಕೋ, ವೀಸಾ ನಾನು ಮಾಡಿಸುತ್ತೇನೆ, ಒಂದು ವಾರ ಕಾರು ನಿನ್ನದೇ. ಅಲ್ಲಿ ಅವನ ಕೋಣೆಯಲ್ಲಿದ್ದ ನಾಲ್ವರೂ ನಮ್ಮ ಕಡೆಯವರು. ಕೇಳಿ ನಕ್ಕರು.

“ಏನಪಾ ಖಾಜಾ, ಹೆಂಡ್ತಿ ಗುಲಾಮ ಆದಿ? ಆಕೀಗೂ ಡ್ರೈವರ್ ಆಗ್ತಿ ಏನು?”

ಅಷ್ಟಕ್ಕೇ ಈ ಗಂಡಸು ಕುಗ್ಗಿಹೋದ. ಮರಳುಗಾಡಿನಲ್ಲಿ ಒಬ್ಬನೇ ಓಡಿಸುವ ಧೈರ್ಯವಿತ್ತು, ನಾಲ್ಕು ಜನರ ನಗೆ ತಡೆಯುವ ಧೈರ್ಯ ಇರಲಿಲ್ಲ. ಫೋನಿನಲ್ಲಿ ಹೆಂಡತಿಗೆ ಮತ್ತದೇ ‘ನೋಡೋಣು’ ಅಂದ. ಮನಸ್ಸು ಚುಚ್ಚಿದ್ದಕ್ಕೋ ಏನೋ, ರಸ್ತೆಯ ವಿಡಿಯೋ ಕಳಿಸತೊಡಗಿದ.

ಕೆಲವು ವರ್ಷ ಹೀಗೇ ನಡೆಯಿತು. ಒಮ್ಮೆ ಘಟ್ಟದ ವಿಡಿಯೋ ನೋಡಿ ಆಕೆ, “ಮಂಜ ಭಾಳ ಐತ್ರಿ, ಒಂಟಿ ಕಾಣವಲ್ವು” ಅಂದಳು. ಅಲ್ಲಿ ಹಾಗೆಯೇ ಎಂದು ಇವನು ನಕ್ಕ. ಎರಡು ತಿಂಗಳ ಮೇಲೆ ಹೈಮಾದ ಬಿಳಿ ಚಿಗರಿಯನ್ನು ಸುಡುವ ಮಧ್ಯಾಹ್ನದಲ್ಲಿ ಹಿಡಿದು ಕಳಿಸಿದ. ಅದಕ್ಕೂ ಆಕೆ, “ಇಲ್ಲೂ ಮಂಜ ಐತ್ರಿ. ಇರ್ಲಿ, ಗಾಳಿ ಸಪ್ಪಳ ಚೊಲೊ ಕೇಳ್ತೈತಿ” ಅಂದಳು.

“ಮರಳಾಗ ಎಲ್ಲೀದ್ರಿ ಮಂಜ?” ಎಂದು ಖಾಜಾಸಾಬ ಈಗ ನನ್ನನ್ನೇ ಕೇಳುತ್ತಾನೆ. “ಅವತ್ತರ ತಿಳೀಬೇಕಿತ್ತಲ್ಲರಿ ನನಗ.”

ತಿಳಿಯಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆ, ಮಂಜು ಇದ್ದದ್ದು ಕಣ್ಣಿನಲ್ಲಿ. ದೂರದಲ್ಲಿರುವವನಿಗೆ ಯಾಕೆ ಚಿಂತೆ ಎಂದು ಸುಮ್ಮನಿದ್ದಳು. ಮೂರು ವರ್ಷದ ಹಿಂದೆ ಅವನು ಕಾಯಂ ಆಗಿ ಊರಿಗೆ ಬಂದಾಗ, ಬಾಗಿಲಲ್ಲಿ ನಿಂತವಳು ಅವನ ಹೆಗಲಿನಾಚೆ ನೋಡುತ್ತ “ಬಂದ್ರಿ?” ಅಂದಳು. ಕಣ್ಣಿನ ಪರದೆ ಪೂರ್ತಿ ಹಾಳಾಗಿದೆ, ಮೊದಲೇ ಬರಬೇಕಿತ್ತು ಎಂದರು ಡಾಕ್ಟರು.

ಖಾಜಾಸಾಬನ ಮೇಲೆ ನನಗೆ ಸಿಟ್ಟಿದೆ, ಮುಖದ ಮೇಲೇ ಬೈದಿದ್ದೇನೆ. ಆದರೆ ನಾನೇನು ಸಾಚಾ? ಅವನಿಲ್ಲದಾಗ ರೇಷನ್ ಕಾರ್ಡಿನ ಕಾಗದ ಓದಿಕೊಡಲು ಹೋದರೆ ಆಕೆ ಕಪ್-ಬಸಿಯ ಹೊರಗೆ ಚಹಾ ಸುರಿದಿದ್ದಳು. “ಲಕ್ಷ್ಯ ಎಲ್ಲಿ ಐತಿ, ಮಸ್ಕತ್ತಿನಾಗ?” ಎಂದು ನಕ್ಕಿದ್ದೆ. ಎದುರಿಗೇ ಕೂತಿದ್ದ ನನಗೂ ತಿಳಿದಿರಲಿಲ್ಲ.

ಹೋದ ಡಿಸೆಂಬರಿನಲ್ಲಿ ಆಲಮಟ್ಟಿಯಲ್ಲಿರುವ ನನ್ನ ಮಗಳ ಮನೆಗೆ, ಖಾಜಾಸಾಬ ಈಗ ಊರಲ್ಲಿ ಓಡಿಸುವ ಬಾಡಿಗೆ ಕಾರಿನಲ್ಲಿ ಹೊರಟೆ. ನಾನು ಹಿಂದೆ, ಮುಂದಿನ ಸೀಟಿನಲ್ಲಿ ಶಮ್ಶುನ್ನೀಸಾ. ಈಗ ಎಲ್ಲಿಗೆ ಹೋದರೂ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ಗುಲಾಮ ಅನ್ನುವವರು ಅನ್ನಲಿ ಎಂದು. ಬಸವನ ಬಾಗೇವಾಡಿ ದಾಟಿದ ಮೇಲೆ ತೊಗರಿ ಹೊಲದ ಬದುವಿನಲ್ಲಿ ಚಿಗರಿ ಹಿಂಡು ಕಂಡಿತು. ಅವನು ಕಾರು ನಿಲ್ಲಿಸಿ ಎಂಜಿನ್ ಆರಿಸಿದ.

“ಯಾಕ ನಿಂತ್ರಿ?”

“ಚಿಗರಿ ಅದಾವು. ಹನ್ನೊಂದು. ಒಂದು ಕರೀದು, ನಮ್ಮ ಕಡೇನ ನೋಡಾಕತ್ತೈತಿ.”

ಆಕೆ ಗಾಜು ಇಳಿಸಿ ಮುಖ ಚಾಚಿದಳು. ಚಿಗರಿ ಇದ್ದ ಕಡೆಗಲ್ಲ, ಖಾಲಿ ಹೊಲದ ಕಡೆಗೆ. ಖಾಜಾಸಾಬ ಆಕೆಯ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದ. ನಾನು ಇನ್ನೊಂದು ಕಿಟಕಿಯತ್ತ ನೋಡಿದೆ.

“ಮಂಜ ಐತೇನ್ರಿ?” ಎಂದು ಕೇಳಿದಳು.

“ಇಲ್ಲ. ಬಿಸಲ ಬಿದ್ದೈತಿ.” ಅವನು ಗದ್ದದಿಂದ ಕೈ ತೆಗೆದ. “ಶಮ್ಶು, ನಿನ್ನ ಪಾಸ್‌ಪೋರ್ಟ್ ಇನ್ನೂ ನಡೀತೈತಿ. ಈ ಮಳಿಗಾಲಕ್ಕ ಸಲಾಲಾಕ ಹೋಗೋಣು. ದಾರಿತುಂಬ ಹಿಂಗ ಹೇಳ್ಕೊಂತ ಹೋಗ್ತೇನಿ.”

ಆಕೆ ಗಾಜು ಏರಿಸಿ ಸೆರಗು ಸರಿಮಾಡಿಕೊಂಡಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ನೋಡೋಣು,” ಅಂದಳು.

ಆ ಮಾತಿನ ಅರ್ಥ ಆಕೆಗೂ ಈಗ ಗೊತ್ತಾಗಿತ್ತು.